ಕೆರೆಗೆ ನಿದ್ದೆ ಬಾರದ ವರ್ಷಗಳು

ನಮ್ಮ ಊರಿನ ಕೆರೆ ಸೋಮವಾರ ಮಲಗುತ್ತಿತ್ತು. ಬೆಳಗಿನ ಹತ್ತು ಗಂಟೆಯ ಸುಮಾರಿಗೆ ಅಲೆಗಳೆಲ್ಲ ಒಂದೊಂದಾಗಿ ಅಡಗಿ, ಆರಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ನೀರು ಮಂದವಾಗುತ್ತಿತ್ತು. ಅಲ್ಲಿಂದ ಸಂಜೆ ಐದರವರೆಗೆ ಯಾರು ಬೇಕಾದರೂ ಅದರ ಮೇಲೆ ನಡೆದು ಆಚೆ ದಡಕ್ಕೆ ಹೋಗಬಹುದಿತ್ತು, ಆಚೆಯವರು ಈಚೆ ಬರಬಹುದಿತ್ತು. ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳಬೇಕು, ಜೋರಾಗಿ ಮಾತಾಡಬಾರದು, ಇಷ್ಟೇ ಕಟ್ಟಳೆ. ಹೆಂಗಸರು ತವರಿಗೆ ಹೋಗಿ ಬರುತ್ತಿದ್ದರು. ಹೆಣ್ಣು ನೋಡುವವರು, ಕೋಳಿ ಮಾರುವವರು, ಮುರಿದ ಹಲ್ಲು ಕೀಳಿಸಿಕೊಳ್ಳುವವರು, ಎಲ್ಲರೂ ಸೋಮವಾರವೇ ಕೆರೆ ದಾಟುತ್ತಿದ್ದರು. ಕಾಲ ಕೆಳಗೆ ಮೀನುಗಳು ಕಣ್ಣು ತೆರೆದುಕೊಂಡೇ ಅಲುಗದೆ ನಿಂತಿರುತ್ತಿದ್ದವು. ಆಳುದ್ದದ ಬಾಳೆ ಮೀನುಗಳ ಮೇಲೆ ಹೆಜ್ಜೆಯಿಡುವಾಗ ಮಕ್ಕಳು ಹೆದರಿ ಸೊಂಟ ಏರುತ್ತಿದ್ದವು.

ಕೆರೆ ನಿಜವಾಗಿ ಮಲಗಿದೆಯೋ ಇಲ್ಲವೋ ಎಂದು ನೋಡಿ ಹೇಳುವುದು ನನ್ನ ಕೆಲಸವಾಗಿತ್ತು. ನನ್ನ ಹೆಸರು ಸಣ್ಣೀರಪ್ಪ. ನನಗಿಂತ ಮೊದಲು ಅವ್ವ ಈ ಕೆಲಸ ಮಾಡುತ್ತಿದ್ದಳು. ಸೋಪಾನದ ಕೊನೆಯ ಮೆಟ್ಟಿಲಿನಿಂದ ಒಂದು ಕಾಲು ನೀರಿನ ಮೇಲಿಟ್ಟು, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ನೂರು ಎಣಿಸಬೇಕು. ನೂರರವರೆಗೆ ನೀರು ತಡೆದುಕೊಂಡರೆ ಏರಿಯ ಮೇಲಿನ ಗಳುವಿಗೆ ಬಿಳಿ ಪಂಚೆ ಏರಿಸಬೇಕು. ಆಚೆ ದಡದವರಿಗೂ ಅದು ಕಾಣುತ್ತಿತ್ತು. ಕೆರೆ ಮಲಗಿದ ದಿನ ಬಲೆ ಇಳಿಸುವಂತಿಲ್ಲ, ಮಾರನೆಯ ದಿನ ಮಧ್ಯಾಹ್ನದವರೆಗೂ ಇಳಿಸುವಂತಿಲ್ಲ. ಏಕೆಂದರೆ ಮೀನುಗಳು ನಿದ್ದೆಯಿಂದ ಎದ್ದ ಮೇಲೆಯೇ ದಡದ ಜೊಂಡಿನಲ್ಲಿ ಮೊಟ್ಟೆಯಿಡುತ್ತಿದ್ದವು. ಮಂಗಳವಾರ ಬೆಳಿಗ್ಗೆ ಜೊಂಡಿನ ಬುಡದಲ್ಲಿ ಕೈಯಾಡಿಸಿದರೆ ನೆನೆಸಿದ ಸಬ್ಬಕ್ಕಿಯಂತೆ ಮೊಟ್ಟೆಗಳು ಬೆರಳಿಗೆ ಅಂಟುತ್ತಿದ್ದವು.

ವಾರದ ಉಳಿದ ದಿನ ದೋಣಿ ಹರಿಗೋಲುಗಳಿದ್ದವು, ಆದರೆ ಅವು ಕೆರೆ ದಾಟುವಂತಿರಲಿಲ್ಲ. ಎಂದೋ ಮೀನಿನ ಪಾಲಿಗಾಗಿ ಎರಡು ದಡಕ್ಕೂ ದೊಡ್ಡ ಜಗಳವಾಗಿ, ನಡುನೀರಿನಲ್ಲಿ ಸಾಲಾಗಿ ಗೂಟ ನೆಟ್ಟಿದ್ದರು. ಈಚೆಯ ಹರಿಗೋಲು ಗೂಟ ದಾಟಬಾರದು, ಆಚೆಯದೂ ಅಷ್ಟೇ. ನಡೆದು ಬರುವವರನ್ನು ಮಾತ್ರ ಯಾರೂ ತಡೆಯುತ್ತಿರಲಿಲ್ಲ, ಅವರ ಕೈಯಲ್ಲಿ ಬಲೆ ಇರುವುದಿಲ್ಲವಲ್ಲ. ನೆಲದ ಮೇಲೆ ಹೋಗುವುದಾದರೆ ಗುಡ್ಡ ಬಳಸಿಕೊಂಡು, ಎರಡು ಬಸ್ಸು ಬದಲಿಸಿ, ಮೂರೂವರೆ ತಾಸಿನ ದಾರಿ. ಆ ದಾರಿಯಲ್ಲಿ ನಮ್ಮವರು ಯಾರೂ ಹೋಗುತ್ತಿರಲಿಲ್ಲ.

ಆಚೆ ದಡದಲ್ಲಿ ಕೆಂಚವ್ವ ಇದ್ದಳು. ಬಿದಿರು ಸೀಳಿ ಮೀನು ಹಿಡಿಯುವ ಕೂಳಿ ಹೆಣೆಯುವುದು ಅವಳ ಕಸುಬು. ಕೂಳಿಯೆಂದರೆ ಬಾಯಿ ಅಗಲ, ಕುತ್ತಿಗೆ ಸಣ್ಣಗಿರುವ ಬುಟ್ಟಿ. ಒಳಗೆ ಹೋದ ಮೀನು ತಿರುಗಿ ಬರಲಾರದು. ಅವಳು ಮಾತ್ರ ತನ್ನ ಕೂಳಿಗಳ ಹೆಣಿಗೆಯನ್ನು ಸಡಿಲ ಬಿಟ್ಟು, ಮರಿಗಳು ನುಸುಳಿ ಹೋಗುವ ಹಾಗೆ ಮಾಡುತ್ತಿದ್ದಳು. ಕೊಳ್ಳುವವರು ಗೊಣಗಿದರೂ ಕೇಳುತ್ತಿರಲಿಲ್ಲ. ಅವಳ ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ನನ್ನ ಹೆಂಡತಿ ತೀರಿಕೊಂಡು ಹನ್ನೆರಡು. ಮೊದಲು ಒಂದು ಕೂಳಿ ತರಲೆಂದು ಹೋದೆ. ಮುಂದಿನ ಸೋಮವಾರ ಅದರ ಬಾಯಿಯ ಕಟ್ಟು ಸಡಿಲವಾಗಿದೆ ಎಂದು ಹೋದೆ. ಮೂರನೆಯ ಸೋಮವಾರ ನೆಪ ಸಿಗಲಿಲ್ಲ, ಸುಮ್ಮನೆ ಹೋದೆ. ಅವಳು ಏನೂ ಕೇಳದೆ ಇನ್ನೊಂದು ತಟ್ಟೆ ತೆಗೆದಿಟ್ಟಳು. ಆಮೇಲೆ ನಾಲ್ಕು ವರ್ಷ ಹೀಗೇ ನಡೆಯಿತು. ನಾನು ಬಿದಿರು ಸೀಳಿ ಕೊಡುತ್ತಿದ್ದೆ, ಅವಳು ಹೆಣೆಯುತ್ತಿದ್ದಳು. ಮಧ್ಯಾಹ್ನ ಮುದ್ದೆ, ಗೆಂಡೆ ಮೀನಿನ ಸಾರು. ನಾಲ್ಕೂವರೆಗೆ ಅವಳು ದಡದವರೆಗೆ ಬಂದು ನಿಲ್ಲುತ್ತಿದ್ದಳು. ಮದುವೆಯ ಮಾತು ಕೇಳಬೇಕೆಂದು ಎಷ್ಟೋ ಸಲ ಅನ್ನಿಸಿದರೂ, ಸೋಮವಾರಗಳೇನು ಮುಗಿದುಹೋಗುತ್ತವೆಯೇ ಎಂದುಕೊಂಡು ಸುಮ್ಮನಾಗುತ್ತಿದ್ದೆ.

ಬದಲಾವಣೆ ಮೊದಲು ಗೊತ್ತಾಗಿದ್ದು ನನ್ನ ಅಂಗಾಲಿಗೆ. ಮಲಗಿದ ಕೆರೆ ತಣ್ಣಗಿರಬೇಕು. ಸಗಣಿ ಸಾರಿಸಿದ ನೆಲದ ಮೇಲೆ ಬೆಳಗಿನ ಜಾವ ಕಾಲಿಟ್ಟ ಹಾಗೆ. ಒಂದು ಬೇಸಿಗೆಯಲ್ಲಿ ಅದು ಬೆಚ್ಚಗಾಯಿತು. ಮುಂದಿನ ವರ್ಷ ಚಳಿಗಾಲದಲ್ಲೂ ಪಾತ್ರೆ ತೊಳೆದ ನೀರಿನಷ್ಟು ಬೆಚ್ಚಗೇ ಇತ್ತು. ಹತ್ತಕ್ಕೆ ಬರುತ್ತಿದ್ದ ನಿದ್ದೆ ಹನ್ನೊಂದಕ್ಕೆ, ಹನ್ನೆರಡಕ್ಕೆ ಹೋಯಿತು. ಐದರವರೆಗೆ ಇರುತ್ತಿದ್ದದ್ದು ಮೂರಕ್ಕೇ ಮುಗಿಯತೊಡಗಿತು. ಜನ ಹೊಂದಿಕೊಂಡರು. ತವರಿಗೆ ಹೋದವರು ಕೂತು ಉಣ್ಣುವುದು ಬಿಟ್ಟು ಬುತ್ತಿ ಕಟ್ಟಿಸಿಕೊಂಡು ಬರತೊಡಗಿದರು. ಮುದುಕರು ದಾಟುವುದನ್ನೇ ಬಿಟ್ಟರು. ನಾನು ಕೆಂಚವ್ವನ ಮನೆಯಲ್ಲಿ ಊಟ ಮಾಡಿ, ಒಂದೇ ಒಂದು ಬಿದಿರು ಸೀಳಿ, ಓಡೋಡಿ ವಾಪಸಾಗುತ್ತಿದ್ದೆ.

ಮೀನುಗಳೂ ಬದಲಾದವು. ಮೊದಲು ಬಾಳೆ ಮೀನು ಕಾಣೆಯಾಯಿತು. ಗೆಂಡೆ ಸೊರಗಿತು. ಮಂಗಳವಾರದ ಜೊಂಡಿನಲ್ಲಿ ಮೊಟ್ಟೆ ಹುಡುಕಿದರೂ ಸಿಗದಂತಾಯಿತು. ನೀರಿನ ಮೇಲೆ ಹಸಿರು ಪಾಚಿ ಬಣ್ಣ ಚೆಲ್ಲಿದ ಹಾಗೆ ಹರಡಿತು. ಎಲ್ಲಿಂದಲೋ ಬಂದ ಜಿಲೇಬಿ ಮೀನು ಮಾತ್ರ ಎಲ್ಲವನ್ನೂ ತಡೆದುಕೊಂಡು ಹೆಚ್ಚಿತು, ಆದರೆ ಅದೂ ವರ್ಷ ವರ್ಷಕ್ಕೆ ಗಿಡ್ಡವಾಗುತ್ತ ಬಂತು. ಮೀನುಗಾರಿಕೆ ಇಲಾಖೆಯಿಂದ ಶಾಹಿದಾ ಎಂಬ ಅಧಿಕಾರಿ ತಿಂಗಳಿಗೊಮ್ಮೆ ಬಂದು ಹಗ್ಗಕ್ಕೆ ಶೀಶೆ ಕಟ್ಟಿ ತಳದ ನೀರು ಎತ್ತಿ ನೋಡುತ್ತಿದ್ದರು. ಮೇಲಿನ ಬಿಸಿನೀರು ಕಂಬಳಿ ಹೊದಿಸಿದ ಹಾಗೆ ಕೂತುಬಿಟ್ಟಿದೆ, ಕೆಳಗಿನ ನೀರು ಮೇಲೆ ಬಂದು ಗಾಳಿ ಕುಡಿಯಲು ಆಗುತ್ತಿಲ್ಲ, ಅದರ ಮೇಲೆ ಊರಿನ ಕೊಳೆ ಬೇರೆ ಸೇರಿ ತಳದಲ್ಲಿ ಮೀನಿಗೆ ಉಸಿರೇ ಇಲ್ಲ ಎಂದು ವಿವರಿಸಿದರು. ಅವರು ಬೇರೆ ಊರಿನವರು. ಆದರೂ ತಮ್ಮ ಪುಸ್ತಕದಲ್ಲಿ ಉಷ್ಣಾಂಶ, ಆಮ್ಲಜನಕ ಎಂದು ಬರೆದುಕೊಂಡ ಮೇಲೆ ಕೊನೆಯ ಸಾಲಿನಲ್ಲಿ ನನ್ನನ್ನು ಕೇಳಿ "ನಿದ್ದೆ: ಎರಡು ತಾಸು" ಎಂದು ಸೇರಿಸುತ್ತಿದ್ದರು.

ನಾನು ಕೆಂಚವ್ವನಲ್ಲಿಗೆ ಹೋಗತೊಡಗಿದ ನಾಲ್ಕನೆಯ ವರ್ಷ, ಚೈತ್ರದಲ್ಲಿ, ಕೆರೆ ಪೂರ್ತಿ ನಿದ್ದೆಗೆಟ್ಟಿತು. ಒಂದರ ಹಿಂದೆ ಒಂದು ಏಳು ಸೋಮವಾರ ನಾನು ಮೆಟ್ಟಿಲ ಮೇಲೆ ಕೂತು, ಕಾಲು ಇಳಿಬಿಟ್ಟು, ಸಂಜೆ ಎದ್ದು ಬಂದೆ. ನಮ್ಮ ಮೀನುಗಾರರ ಸಂಘದ ಅಧ್ಯಕ್ಷ ದುಗ್ಗಪ್ಪ ಗಟ್ಟಿ ಆಳು, ಮಾತು ನೇರ. ನಿದ್ದೆ ಮಾಡದ ಕೆರೆಗೆ ಸೋಮವಾರವೇನು ಮಂಗಳವಾರವೇನು, ಬಲೆ ಬಿಡೋಣ ಎಂದು ಸಭೆಯಲ್ಲಿ ಹೇಳಿದ. ಅವನ ಮಾತು ತಪ್ಪೆನ್ನುವ ಹಾಗಿರಲಿಲ್ಲ. ಸಿಗುವ ಮೀನು ಅರ್ಧಕ್ಕಿಳಿದಿತ್ತು, ಎರಡು ದಿನ ಕೈಕಟ್ಟಿ ಕೂರಲು ಯಾರಿಗೂ ಆಗುತ್ತಿರಲಿಲ್ಲ. ಇನ್ನೊಂದು ಸೋಮವಾರ ನೋಡೋಣ, ಆಗಲೂ ಬಟ್ಟೆ ಏರದಿದ್ದರೆ ಬಲೆ ಇಳಿಸೋಣ ಎಂದು ತೀರ್ಮಾನವಾಯಿತು.

ಎಂಟನೆಯ ಸೋಮವಾರ ಹನ್ನೆರಡರ ಹೊತ್ತಿಗೆ ಗಾಳಿ ನಿಂತಿತು. ನೀರು ಸ್ವಲ್ಪ ಮಂದವಾಯಿತು. ನಾನು ಕಾಲಿಟ್ಟೆ, ತಡೆಯಿತು. ಎಣಿಸತೊಡಗಿದೆ. ಇಪ್ಪತ್ತು, ಮೂವತ್ತು. ಆದರೆ ಅಂಗಾಲಿನಡಿ ಏನೋ ಅದುರುತ್ತಿತ್ತು, ನಿದ್ದೆ ಬಾರದವರು ಕಣ್ಣು ಮುಚ್ಚಿಕೊಂಡು ಮಲಗಿರುವಾಗ ರೆಪ್ಪೆ ಅದುರುತ್ತದಲ್ಲ, ಹಾಗೆ. ಅದರ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಕಾಲು ತೆಗೆದು ಕೆಳಗೆ ಕೂರಬೇಕಿತ್ತು. ನಾನು ನಲವತ್ತಕ್ಕೆ ಎಣಿಕೆ ನಿಲ್ಲಿಸಿ ಮೆಟ್ಟಿಲು ಹತ್ತಿ ಬಟ್ಟೆ ಏರಿಸಿಬಿಟ್ಟೆ. ಬಲೆ ಬೀಳದಿರಲಿ, ಮೀನು ಉಳಿಯಲಿ ಅಂತ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡು ತಿಂಗಳು ಬಟ್ಟೆ ಏರದೆ ಜನರಿಗೆ ಆಕಡೆ ನೋಡುವ ರೂಢಿಯೇ ತಪ್ಪಿತ್ತು. ಈಚೆಯಿಂದ ಹೊರಟವನು ನಾನೊಬ್ಬನೇ. ಆಚೆಯಿಂದ ಒಂದು ಚುಕ್ಕೆ ಹೊರಟಿತು. ತಲೆಯ ಮೇಲೆ ಬುಟ್ಟಿ, ಎಡಗೈಯಲ್ಲಿ ಚಪ್ಪಲಿ. ದೂರದಿಂದಲೇ ನಡಿಗೆ ಗುರುತು ಸಿಕ್ಕಿತು. ನಾಲ್ಕು ವರ್ಷದಲ್ಲಿ ಯಾವಾಗಲೂ ನಾನೇ ಹೋಗುತ್ತಿದ್ದೆ, ಅವಳು ಬಂದದ್ದಿಲ್ಲ. ಆವತ್ತು ಅವಳೂ ಕಾಯಲಾರದೆ ಹೊರಟಿದ್ದಳು.

ಗೂಟಗಳ ಸಾಲಿಗೆ ಇನ್ನೂ ದೂರವಿರುವಾಗ ನನ್ನ ಕಾಲಡಿ ನೀರು ಸಡಿಲವಾಯಿತು. ನಾನು ಕೈ ಬೀಸಿ, ನಿಲ್ಲು ಎಂದು ಕೂಗಿದೆ. ಅವಳು ನಿಂತು ನನ್ನನ್ನೇ ನೋಡಿದಳು. ಅವಳ ಸುತ್ತ ಒಂದು ಉಂಗುರದ ಅಲೆ ಎದ್ದಿತು. ಬುಟ್ಟಿ ತೇಲಿತು, ಅವಳು ಕಾಣಲಿಲ್ಲ. ಅಷ್ಟರಲ್ಲಿ ನಾನೂ ಮುಳುಗಿದೆ.

ಬಲೆ ಸಿದ್ಧ ಮಾಡಿಕೊಂಡು ಏರಿಯ ಮೇಲೆ ಕೂತಿದ್ದ ದುಗ್ಗಪ್ಪ ಹರಿಗೋಲು ಹಾಕಿದ. ಆಚೆ ದಡದಿಂದಲೂ ಎರಡು ಬಂದವು. ನಾನು ಈಜುತ್ತಿದ್ದೆ, ನನ್ನನ್ನು ದಾಟಿಕೊಂಡು ದುಗ್ಗಪ್ಪ ನೇರ ಗೂಟಗಳ ನಡುವೆ ನುಗ್ಗಿ ಹೋದ. ನಮ್ಮ ಕಾಲದಲ್ಲಿ ಆ ಸಾಲು ದಾಟಿದ ಮೊದಲ ಹರಿಗೋಲು ಅದು. ಕೆಂಚವ್ವನಿಗೆ ಈಜು ಬರುತ್ತಿತ್ತು, ಆದರೆ ಸೀರೆ ಕಾಲಿಗೆ ಸುತ್ತಿಕೊಂಡಿತ್ತು. ಮೂರನೆಯ ಸಲ ಮೇಲೆ ಬಂದಾಗ ದುಗ್ಗಪ್ಪ ಜಡೆ ಹಿಡಿದು ಎಳೆದ. ಹಸಿರು ನೀರು ಹೊಟ್ಟೆ ಸೇರಿ, ಎದೆ ಸೇರಿ, ಅವಳು ನಮ್ಮ ಊರಿನ ಆಸ್ಪತ್ರೆಯಲ್ಲಿ ಹನ್ನೆರಡು ದಿನ ಜ್ವರದಲ್ಲಿ ಮಲಗಿದಳು. ನಾನು ಹೊರಗಿನ ಬೆಂಚಿನಲ್ಲಿದ್ದೆ. ಒಳಗೆ ಹೋಗಲು ಕಾಲು ಬರಲಿಲ್ಲ. ಒಂಬತ್ತನೆಯ ದಿನ ಅವಳೇ ಕರೆಸಿದಳು.

"ನೂರು ಎಣಿಸಿದ್ಯಾ?" ಎಂದಳು.

ನಲವತ್ತು ಎಂದೆ.

"ಯಾಕೆ?"

ಸೋಮವಾರ ಬಲೆ ಬಿದ್ದರೆ ಮೀನು ಉಳಿಯಲ್ಲ ಎಂದು ಶುರುಮಾಡಿದೆ. ಅವಳು ಕಣ್ಣು ಕೀಳದೆ ನೋಡುತ್ತಿದ್ದಳು. ಕೊನೆಗೆ, "ನಿನ್ನ ನೋಡಬೇಕಿತ್ತು" ಎಂದೆ.

ಅವಳು ಕಿಟಕಿಯ ಕಡೆ ತಿರುಗಿಕೊಂಡಳು. "ನನ್ನ ಕೇಳಿದ್ರೆ ಬಸ್ಸಿಗೆ ಬರ್ತಿದ್ದೆ" ಎಂದಳು ಆಮೇಲೆ. "ಬಸ್ಸು ದಿನಾ ಐತೆ ಸಣ್ಣೀರಪ್ಪ. ಏಳು ವಾರ ಆತು. ನೀನೂ ಬರಬಹುದಿತ್ತು."

ಆ ಏಳು ವಾರ ನನಗೆ ಬಸ್ಸಿನ ನೆನಪೇ ಬಂದಿರಲಿಲ್ಲ. ಕೆರೆ ದಾಟುವುದೆಂದರೆ ನನಗೆ ಕೆರೆಯ ಮೇಲೆ ನಡೆಯುವುದೇ ಆಗಿತ್ತು. ಮೂರು ದಿನ ಬಿಟ್ಟು ಅವಳು ಆಸ್ಪತ್ರೆಯಿಂದ ಹೊರಟು ಬಸ್ಸು ಹತ್ತಿದಳು. ಕಿಟಕಿಯಲ್ಲಿ ಅವಳ ಮುಖ ಈಚೆ ತಿರುಗಲಿಲ್ಲ.

ನಾನು ಸಂಘದ ಸಭೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ, ಮಡಿಸಿದ ಬಿಳಿ ಪಂಚೆಯನ್ನು ಮೇಜಿನ ಮೇಲಿಟ್ಟೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದುಗ್ಗಪ್ಪ ಪಂಚೆಯನ್ನು ತನ್ನ ಕಡೆ ಎಳೆದುಕೊಂಡು, "ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದ್ರೆ ಇನ್ನು ನಿನ್ನ ಕಾಲು ಹೇಳಿದ್ದನ್ನ ನಂಬಾಕಾಗಲ್ಲ" ಎಂದ. ಮುಂದಿನ ಸೋಮವಾರ ಬಲೆ ಇಳಿಯಿತು. ಆಚೆಯವರೂ ಇಳಿಸಿದರು.

ಮೊದಲ ನಾಲ್ಕು ತಿಂಗಳು ಊರಿನ ಪ್ರತಿ ಒಲೆಯ ಮೇಲೂ ಮೀನು ಕುದಿಯಿತು. ಎಂದೂ ಬಲೆ ಕಾಣದ ಸೋಮವಾರದ ಮೀನುಗಳು ಗುಂಪುಗುಂಪಾಗಿ ಸಿಕ್ಕಿದವು. ನಾನು ಇಷ್ಟು ವರ್ಷ ಸುಮ್ಮನೆ ಊರಿನ ಹೊಟ್ಟೆಗೆ ಅಡ್ಡ ಬಂದಿದ್ದೆನೇನೋ ಎಂದು ನನಗೇ ಅನ್ನಿಸಿತು. ಆಮೇಲೆ ಬುಟ್ಟಿಗಳು ಹಗುರವಾದವು. ದುಗ್ಗಪ್ಪ ಮನೆಯ ಮುಂದೆ ಕೂತು ಬಲೆಯ ಕಣ್ಣನ್ನು ಇನ್ನಷ್ಟು ಕಿರಿದು ಮಾಡುವುದನ್ನು ಹೋಗುತ್ತ ಬರುತ್ತ ನೋಡುತ್ತಿದ್ದೆ. ಮೊದಲು ಅದರಲ್ಲಿ ಮೂರು ಬೆರಳು ತೂರುತ್ತಿದ್ದವು, ಆಮೇಲೆ ಒಂದು, ಕೊನೆಗೆ ಬರಿಯ ಕಿರುಬೆರಳು. ಅವನ ಹೆಂಡತಿ ಅಷ್ಟು ಸಣ್ಣ ಮೀನಿನ ಹೊಟ್ಟೆ ಸೀಳಲು ಕೈ ಬರುವುದಿಲ್ಲ ಎಂದು ಹಾಗೇ ಹುರಿದುಬಿಡುತ್ತಿದ್ದಳು.

ಮಾರನೆಯ ವರ್ಷ ಮಳೆ ತಡವಾಯಿತು. ಮೂರು ದಿನ ಮೋಡ ಮುಸುಕಿ, ಗಾಳಿಯಿಲ್ಲದೆ, ಮಳೆಯೂ ಬರದೆ ಸೆಖೆ ಹಿಡಿಯಿತು. ನಾಲ್ಕನೆಯ ದಿನ ಬೆಳಗಾಗುವಾಗ ದಡದುದ್ದಕ್ಕೂ ಬೆಳ್ಳಗೆ ಕಾಣಿಸಿತು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಇನ್ನೂ ಜೀವ ಇದ್ದವು ಮೂತಿ ನೀರಿನಿಂದ ಹೊರಗೆ ಚಾಚಿ ಬಾಯಿ ತೆರೆದು ಮುಚ್ಚುತ್ತಿದ್ದವು. ಜಿಲೇಬಿ ಮೀನೂ ಉಳಿಯಲಿಲ್ಲ. ಶಾಹಿದಾ ಬಂದು ಶೀಶೆ ಇಳಿಸಿ ನೋಡಿ, ಪುಸ್ತಕ ಮುಚ್ಚಿ, ಸೆರಗಿನಿಂದ ಮೂಗು ಒರೆಸಿಕೊಂಡು ನಿಂತರು. ದುಗ್ಗಪ್ಪ ಮಂಡಿಯುದ್ದದ ನೀರಿನಲ್ಲಿ ನಿಂತು ಜೀವವಿದ್ದ ಒಂದು ಗೆಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಆಡಿಸುತ್ತಿದ್ದ, ನೀರು ಕಿವಿರಿಗೆ ಹೋಗಲಿ ಎಂದು. ಅದು ಸತ್ತ ಮೇಲೂ ಬಹಳ ಹೊತ್ತು ಆಡಿಸುತ್ತಲೇ ಇದ್ದ.

ಊರಿನವರೆಲ್ಲ ಗುಂಡಿ ತೋಡಿ ಮೀನು ಹೂಳತೊಡಗಿದೆವು. ಹನ್ನೊಂದು ಗಂಟೆಯ ಬಸ್ಸಿನಲ್ಲಿ ಕೆಂಚವ್ವ ಬಂದಳು. ಆಚೆ ದಡದಲ್ಲೂ ಹೀಗೇ ಆಗಿದೆ ಎಂದಳು. ಇಲ್ಲಿಗೆ ಯಾಕೆ ಬಂದೆ ಎಂದು ನಾನು ಕೇಳಲಿಲ್ಲ. ಅವಳು ಸೀರೆ ಎತ್ತಿಕಟ್ಟಿ ಒಂದು ಮಂಕರಿ ತೆಗೆದುಕೊಂಡು ನನ್ನ ಪಕ್ಕದಲ್ಲೇ ಮೀನು ತುಂಬಿದಳು. ಮಧ್ಯಾಹ್ನ ಎಲ್ಲರೂ ಏರಿಯ ಮೇಲೆ ಕೈ ತೊಳೆಯದೆ ಕೂತಿದ್ದಾಗ, ಇನ್ನು ಈ ಕೆರೆಯ ಕಥೆ ಮುಗಿಯಿತು, ಬೇರೆ ಕಸುಬು ನೋಡಿಕೊಳ್ಳಬೇಕು ಎಂದು ಯಾರೋ ಅಂದರು. ಆಗ ಅವಳು ತನ್ನ ಗಂಡನ ವಿಷಯ ಹೇಳಿದಳು. ಕೊನೆಯ ವರ್ಷ ಅವನಿಗೆ ನಿದ್ದೆಯೇ ಬರುತ್ತಿರಲಿಲ್ಲವಂತೆ. ಔಷಧಿಯಾಯಿತು, ಎಣ್ಣೆ ತಿಕ್ಕಿದ್ದಾಯಿತು, ಹರಕೆಯಾಯಿತು. ಯಾವುದರಿಂದಲೂ ಬರಲಿಲ್ಲ. ಕೊನೆಗೆ ಅವಳು ಮಾಡಿದ್ದು ಇಷ್ಟೇ: ಮಧ್ಯಾಹ್ನ ಎರಡು ತಾಸು ಬಿದಿರು ಸೀಳುವುದನ್ನು ನಿಲ್ಲಿಸಿದಳು, ಬಾಗಿಲು ಮುಂದೆ ಮಾಡಿದಳು, ಪಕ್ಕದ ಮನೆಯವರಿಗೂ ಹೇಳಿದಳು. ಕೆಲವು ದಿನ ಅವನು ಮಲಗುತ್ತಿದ್ದ, ಕೆಲವು ದಿನ ಇಲ್ಲ.

"ನಿದ್ದೆ ತರ್ಸಾದು ನಮ್ಮ ಕೈಲಿಲ್ಲ. ಗದ್ಲ ನಿಲ್ಸಾದು ನಮ್ಮ ಕೈಲೈತೆ" ಎಂದಳು. "ಕೆರೆ ಮಲಗಲಿ, ಬಿಡಲಿ. ಸೋಮವಾರ ಅದರದು ಅಂತ ಬಿಟ್ಕೊಡಾಣ."

ದುಗ್ಗಪ್ಪ ತಲೆ ಎತ್ತದೆ, ಆಚೆಯವರು ಒಪ್ಪಬೇಕಲ್ಲ ಎಂದ. ಅವರು ಒಪ್ಪಿದರೆ ನಾವೂ ಒಪ್ಪುತ್ತೇವೆ ಎಂದ. ಮಾತಾಡಲು ಯಾರಾದರೂ ಹೋಗಬೇಕಿತ್ತು. ನಾನು ಹೋಗುತ್ತೇನೆ ಎಂದೆ.

ಹಾಗೆ ನನ್ನ ಐವತ್ತಮೂರನೆಯ ವಯಸ್ಸಿನಲ್ಲಿ ಮೊದಲ ಸಲ ಬಸ್ಸಿನಲ್ಲಿ ಕೆರೆ ಸುತ್ತಿದೆ. ಕೆಂಚವ್ವ ಕಿಟಕಿಯ ಪಕ್ಕ ಕೂತಿದ್ದಳು. ಅಲ್ಲಿಯವರೆಗೆ ನಾನು ಕೆರೆಯನ್ನು ಅದರ ಮೈಮೇಲಿನಿಂದ ಮಾತ್ರ ನೋಡಿದ್ದೆ. ಅದಕ್ಕೆ ಏನೇನು ಬಂದು ಸೇರುತ್ತದೆ, ಏನೇನು ನಿಂತುಹೋಗಿದೆ ಎಂದು ಆವತ್ತು ಕಂಡಿತು. ಉತ್ತರದ ಏರಿಯ ಮೇಲೆ ಸಾಲಾಗಿದ್ದ ಹೊಂಗೆ, ಅತ್ತಿ ಮರಗಳನ್ನು ರಸ್ತೆಗಾಗಿ ಕಡಿದು ಬುಡ ಮಾತ್ರ ಉಳಿಸಿದ್ದರು. ನೆರಳಿಲ್ಲದ ಆ ನೀರು ಬಿಸಿಲಿಗೆ ಮಿರುಗುತ್ತಿತ್ತು. ಗುಡ್ಡದಿಂದ ತಣ್ಣನೆಯ ನೀರು ತರುತ್ತಿದ್ದ ಹಳ್ಳಕ್ಕೆ ಕಟ್ಟಡದ ಮಣ್ಣು ಸುರಿದು, ಅದು ಎಲ್ಲೋ ತಿರುಗಿ ಗದ್ದೆಯಲ್ಲಿ ಇಂಗುತ್ತಿತ್ತು. ಹೊಸ ಬಡಾವಣೆಯ ಚರಂಡಿ ಮಾತ್ರ ನೇರವಾಗಿ, ತಡೆಯಿಲ್ಲದೆ, ಕೆರೆಗೆ ಬೀಳುತ್ತಿತ್ತು. ನೂರು ಎಣಿಸುತ್ತ ಮೆಟ್ಟಿಲ ಮೇಲೆ ನಿಂತಷ್ಟು ವರ್ಷ ಇದೆಲ್ಲ ನನ್ನ ಬೆನ್ನ ಹಿಂದೆ ನಡೆದಿತ್ತು. ಕೆಂಚವ್ವನಿಗೆ ಒಂದೊಂದನ್ನೇ ತೋರಿಸಿದೆ. ಹೋದ ವರ್ಷ ಆಸ್ಪತ್ರೆಯಿಂದ ವಾಪಸಾಗುವಾಗ ತಾನು ಇದನ್ನೆಲ್ಲ ನೋಡಿದ್ದೆ ಎಂದಳು.

ಎರಡನೆಯ ಬಸ್ಸಿಗೆ ಕಾಯುತ್ತಿದ್ದಾಗ, ಇಷ್ಟು ವರ್ಷ ಕೇಳದೆ ಉಳಿದಿದ್ದ ಮದುವೆಯ ಮಾತನ್ನು ಕೇಳಿದೆ. ಅವಳು ಆಶ್ಚರ್ಯಪಡಲಿಲ್ಲ. ಸೆರಗಿನ ತುದಿಯಲ್ಲಿ ಅಂಟಿದ್ದ ಮೀನಿನ ಹುರುಪೆ ಕಿತ್ತು ಹಾಕುತ್ತ, "ಯಾವ ದಡದಾಗಿರಾದು?" ಎಂದಳು. ನಮ್ಮ ಮನೆ ದೊಡ್ಡದಿದೆ ಎಂದೆ. "ನಿಂಗೆ ಅಲ್ಲಿ ಕೆಲಸ ಇಲ್ಲ. ನಂಗೆ ನಮ್ಮ ದಡದಾಗೆ ಬಿದಿರು ಐತೆ. ನೀನೇ ಬಾ" ಎಂದಳು. ಬಸ್ಸು ಬಂತು. ಆ ಸಲ ಕಿಟಕಿಯ ಜಾಗ ನನಗೆ ಬಿಟ್ಟಳು.

ಆಚೆಯವರನ್ನು ಒಪ್ಪಿಸಲು ಹನ್ನೊಂದು ಸಭೆ ಬೇಕಾಯಿತು. ಕೊನೆಯ ಸಭೆ ಎರಡೂ ದಡದವರು ಸೇರಿ ಗುಡ್ಡದ ಬಸ್ ನಿಲ್ದಾಣದಲ್ಲೇ ನಡೆಸಿದರು, ಅದು ಇಬ್ಬರಿಗೂ ಸಮದೂರ. ಸೋಮವಾರ, ಮಂಗಳವಾರ ಬಲೆಯಿಲ್ಲ. ಮೀನು ಮೊಟ್ಟೆಯಿಡುವ ಮಳೆಗಾಲದ ಎರಡು ತಿಂಗಳು ಪೂರ್ತಿ ಬಿಡುವು. ಬಲೆಯ ಕಣ್ಣಿನಲ್ಲಿ ಮೂರು ಬೆರಳು ತೂರಬೇಕು. ಸೋಮವಾರ ಬಟ್ಟೆ ಒಗೆಯುವುದು, ಲಾರಿ ತೊಳೆಯುವುದೂ ನಿಂತಿತು. ಏರಿಯ ರಸ್ತೆಯಲ್ಲಿ ಬಸ್ಸಿನವರು ಹಾರ್ನ್ ಮಾಡುವುದನ್ನು ಬಿಟ್ಟರು. ಹಳ್ಳದ ಮಣ್ಣನ್ನು ನಾವೇ ಎರಡು ಬೇಸಿಗೆ ಎತ್ತಿದೆವು. ಚರಂಡಿ ತಿರುಗಿಸಲು ಶಾಹಿದಾ ಬರೆದ ಕಾಗದಗಳಿಗೆ ಲೆಕ್ಕವಿಲ್ಲ. ಕೊನೆಗೆ ಅರ್ಧ ಚರಂಡಿ ತಿರುಗಿತು, ಇನ್ನರ್ಧ ಇವತ್ತಿಗೂ ಕೆರೆಗೇ ಬೀಳುತ್ತಿದೆ. ನೆಟ್ಟ ಅತ್ತಿ ಸಸಿಗಳಲ್ಲಿ ಮೂರರಲ್ಲೊಂದು ಬದುಕಿತು. ಬಿಡುವಿನ ತಿಂಗಳುಗಳಲ್ಲಿ ಗಂಡಸರು ಇಟ್ಟಿಗೆ ಗೂಡಿಗೆ ಕೂಲಿಗೆ ಹೋದರು. ಕೆಲವು ಮನೆಯವರು ಕಾಯಲಾರದೆ ಊರನ್ನೇ ಬಿಟ್ಟರು. ಅವರನ್ನು ಯಾರೂ ಹಳಿಯಲಿಲ್ಲ.

ನಾನು ಆಚೆ ದಡಕ್ಕೆ ಬಂದು, ಬಿದಿರು ಸೀಳುತ್ತ, ಎರಡು ವರ್ಷ ಕಳೆದೆ. ಕೆರೆ ಒಂದು ಸೋಮವಾರವೂ ಮಲಗಲಿಲ್ಲ. ಆದರೂ ಸೋಮವಾರ ಬಂದರೆ ಎರಡು ದಡದಲ್ಲೂ ಜನ ಮೆಲ್ಲಗೆ ಮಾತಾಡುತ್ತಿದ್ದರು, ಪಾತ್ರೆ ಸದ್ದಾಗದ ಹಾಗೆ ಇಡುತ್ತಿದ್ದರು. ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳಿಗೆ ಇದೊಂದು ವಿಚಿತ್ರವೆನಿಸಿದರೂ, ಒಂದು ತಿಂಗಳೊಳಗೆ ಅವರ ದನಿಯೂ ತಗ್ಗುತ್ತಿತ್ತು.

ಮೂರನೆಯ ವರ್ಷ ಪುಷ್ಯ ಮಾಸದ ಒಂದು ಸೋಮವಾರ, ನಾನೂ ಕೆಂಚವ್ವನೂ ದಡದಲ್ಲಿ ಬಿದಿರು ನೆನೆಹಾಕಲು ಹೋಗಿದ್ದೆವು. ಗಾಳಿ ನಿಂತಿತು. ಅಲೆಗಳು ಅಡಗಿದವು. ನೀರು ಮೆಲ್ಲಗೆ ಮಂದವಾಗಿ, ಅದರ ಮೇಲೆ ಬಿದ್ದ ಒಂದು ಎಲೆ ಅಲುಗದೆ ನಿಂತಿತು. ಎಷ್ಟೋ ವರ್ಷದ ರೂಢಿ, ನನ್ನ ಕಾಲು ತಾನಾಗಿ ಮುಂದೆ ಹೋಯಿತು. ಕೆಂಚವ್ವ ತಡೆಯಲಿಲ್ಲ. ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ. ತಲೆ ಎತ್ತಿ ನೋಡಿದರೆ ಎರಡೂ ದಡದಲ್ಲಿ ಜನ ಸಾಲಾಗಿ ಬಂದು ನಿಂತಿದ್ದರು. ತವರಿಗೆ ನಡೆದು ಹೋಗದೆ ವರ್ಷಗಳಾದ ಹೆಂಗಸರಿದ್ದರು, ಚಪ್ಪಲಿ ಕೈಗೆ ತೆಗೆದುಕೊಂಡವರೂ ಇದ್ದರು. ಯಾರೂ ಇಳಿಯಲಿಲ್ಲ. ಒಂದು ಪಾವು ಅಕ್ಕಿ ಬೇಯುವಷ್ಟು ಹೊತ್ತು ಕೆರೆ ಮಲಗಿತ್ತು. ಅಷ್ಟೂ ಹೊತ್ತು ಎಲ್ಲರೂ ನಿಂತೇ ಇದ್ದರು. ಆಮೇಲೆ ಎಲೆ ಸರಿಯಿತು, ಜನರೂ ಮನೆಗೆ ಹೋದರು.

ಈಗ ಅದು ವರ್ಷಕ್ಕೆ ನಾಲ್ಕೈದು ಸಲ ಹಾಗೆ ಕಣ್ಣು ಮುಚ್ಚುತ್ತದೆ. ಹಿಂದಿನ ಹಾಗೆ ಆಗುತ್ತದೆಂದು ನಾನು ನಂಬಿಲ್ಲ. ಬಾಳೆ ಮೀನು ತಿರುಗಿ ಬಂದಿಲ್ಲ. ಸಿಗುವುದು ಎರಡು ದಡಕ್ಕೂ ಹೊಟ್ಟೆಗೆ ಸಾಕಾಗುವಷ್ಟು, ಕೆಲವು ತಿಂಗಳು ಅಷ್ಟೂ ಇಲ್ಲ.

ಹೋದ ಬುಧವಾರ ಮಧ್ಯಾಹ್ನ ದುಗ್ಗಪ್ಪ ನಮ್ಮ ಮನೆಗೆ ಊಟಕ್ಕೆ ಬರುವವನಿದ್ದ. ಈಗ ಗೂಟಗಳಿಲ್ಲ, ಹರಿಗೋಲಿನಲ್ಲೇ ಬರುತ್ತಾನೆ. ಒಂದು ಗಂಟೆಗೆ ಅವನ ಹರಿಗೋಲು ದಡದಿಂದ ಏಳೆಂಟು ಮಾರು ದೂರದಲ್ಲಿ ಕಾಣಿಸಿತು. ಎರಡಾದರೂ ಅಲ್ಲೇ ಇತ್ತು. ಹುಟ್ಟು ಮೇಲೆತ್ತಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಬಿಸಿಲಿನಲ್ಲಿ, ಅಲುಗದೆ ಕೂತಿದ್ದ. ಏನಾಯಿತೋ ಎಂದು ನಾನು ದಡಕ್ಕೆ ಓಡಿದೆ. ಅವನು ಬಾಯಿಯ ಮೇಲೆ ಬೆರಳಿಟ್ಟು, ಕೆಳಗೆ ನೋಡು ಎಂದು ಕಣ್ಣಲ್ಲೇ ತೋರಿಸಿದ. ಹರಿಗೋಲಿನ ಸುತ್ತ ನೀರು ಕೆಂಪಗೆ ಕುದಿಯುವ ಹಾಗಿತ್ತು. ಕುಚ್ಚು ಮೀನಿನ ಮರಿಗಳು. ಸಾವಿರಾರು ಕೆಂಪು ಮರಿಗಳು ಒಂದೇ ಚೆಂಡಿನಂತೆ ಸೇರಿಕೊಂಡು ಉಸಿರಿಗೆ ಮೇಲೆ ಬರುತ್ತಿದ್ದವು, ಇಳಿಯುತ್ತಿದ್ದವು, ಅವುಗಳ ಕೆಳಗೆ ತಾಯಿ ತಂದೆ ಎರಡು ಕಪ್ಪು ನೆರಳಿನಂತೆ ಕಾವಲು ತಿರುಗುತ್ತಿದ್ದವು. ಹುಟ್ಟು ಹಾಕಿದರೆ ಗುಂಪು ಚೆದುರುತ್ತದೆ, ಚೆದುರಿದ ಮರಿ ಉಳಿಯುವುದಿಲ್ಲ. ಹತ್ತು ವರ್ಷದಿಂದ ಆ ಮೀನನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ.

ಕೆಂಚವ್ವ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಕ್ಕ ನಿಂತು ನೋಡಿದಳು. ಇವತ್ತು ಇವನು ಬೇಗ ಬರುವುದಿಲ್ಲ ಎಂದೆ.

"ಇರ್ಲಿ ಬಿಡು" ಎಂದಳು ಮೆಲ್ಲಗೆ. "ಸಾರು ಬಿಸಿ ಮಾಡಿ ಇಡ್ತೀನಿ."

ಅವಳು ಒಳಗೆ ಹೋದಳು. ದುಗ್ಗಪ್ಪ ತಲೆಯ ಮೇಲಿನ ಟವೆಲನ್ನು ತೆಗೆದು, ಸದ್ದಾಗದ ಹಾಗೆ ನೀರಿಗೆ ಅದ್ದಿ, ಮತ್ತೆ ತಲೆಗೆ ಹಾಕಿಕೊಂಡು ಕೂತ.